ಗಾಜಿನ ಹೆಂಚಿನ ಬೆಳಕು

ನಮ್ಮ ಅಜ್ಜಿ ಮನೆ ತೀರ್ಥಹಳ್ಳಿ ಕಡೆ. ಹಳೇ ಹೆಂಚಿನ ಮನೆ. ಅಡುಗೆಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು ಇತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಲ್ಲಿಂದ ಬಿಸಿಲು ಕೋಲಿನ ಹಾಗೆ ಇಳಿಯುತ್ತಿತ್ತು. ಒಲೆಯ ಹೊಗೆ ಆ ಕೋಲಿನೊಳಗೆ ಸುತ್ತಿ ಸುತ್ತಿ ಮೇಲೆ ಹೋಗುತ್ತಿತ್ತು. ಮೊದಲು ಗೋಡೆ ಮೇಲೆ ಬೀಳುತ್ತಿದ್ದ ಬಿಸಿಲು ನಿಧಾನವಾಗಿ ಜಾರಿ, ಒರಳುಕಲ್ಲು ದಾಟಿ, ಮಧ್ಯಾಹ್ನಕ್ಕೆ ನೆಲದ ನಡುವೆ ಬಂದು ಕೂರುತ್ತಿತ್ತು. ಅಜ್ಜಿ ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ. "ಬಿಸಿಲು ಒರಳಿಗೆ ಬಂತು, ಅನ್ನಕ್ಕಿಡಬೇಕು" ಅನ್ನುತ್ತಿದ್ದರು. ಉಳಿದ ಅಡುಗೆಮನೆ ಪೂರ್ತಿ ಮಬ್ಬು. ಯಾವ ಡಬ್ಬಿ ಎಲ್ಲಿದೆ ಅಂತ ಅಜ್ಜಿಗೆ ಮಾತ್ರ ಗೊತ್ತು.

ಸಿನಿಮಾದಲ್ಲಿ ಕ್ಯಾಮೆರಾಮನ್ ಅಂತ ಒಬ್ಬರಿರುತ್ತಾರೆ, ಬೆಳಕು ಎಲ್ಲಿಂದ ಬರಬೇಕು ಅಂತ ಅವರು ಯೋಚಿಸುತ್ತಾರೆ ಅನ್ನೋದು ಆಗ ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ದೂರದರ್ಶನದಲ್ಲಿ ಹಳೇ ಹಿಂದಿ ಹಾಡು ಬಂತು. ಖಾಲಿ ಸ್ಟುಡಿಯೋ. ಒಂದು ಕಡೆ ಒಬ್ಬ ಗಂಡಸು, ಇನ್ನೊಂದು ಕಡೆ ಒಬ್ಬಳು ಹೆಂಗಸು, ನಡುವೆ ಮೇಲಿನಿಂದ ಇಳಿಯುವ ದಪ್ಪ ಬೆಳಕಿನ ಕೋಲು, ಅದರಲ್ಲಿ ತೇಲುವ ಧೂಳು. ನಾನು ಥಟ್ಟನೆ "ಅಜ್ಜಿ ಮನೆ ಹೆಂಚು!" ಅಂದೆ. ಮನೆಯಲ್ಲಿ ಯಾರಿಗೂ ನಾನೇನು ಹೇಳ್ತಿದ್ದೀನಿ ಅಂತ ಅರ್ಥ ಆಗಲಿಲ್ಲ.

ಅದು 'ಕಾಗಜ್ ಕೆ ಫೂಲ್', 1959ರ ಚಿತ್ರ. ಹಾಡು 'ವಕ್ತ್ ನೆ ಕಿಯಾ'. ಆ ಬೆಳಕನ್ನು ಅಲ್ಲಿ ಇಳಿಸಿದವರು ಮೈಸೂರಿನವರು ಅಂತ ಗೊತ್ತಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು. ವಿ.ಕೆ. ಮೂರ್ತಿ. ಪೂರ್ತಿ ಹೆಸರು ವೆಂಕಟರಾಮ ಪಂಡಿತ್ ಕೃಷ್ಣಮೂರ್ತಿ. ನಿಮ್ಮ ಇಷ್ಟದ ಛಾಯಾಗ್ರಾಹಕರು ಯಾರು ಅಂತ ಯಾರಾದರೂ ಕೇಳಿದರೆ ನನ್ನ ಬಾಯಲ್ಲಿ ಮೊದಲು ಬರುವ ಹೆಸರು ಇದೇ. ಎರಡನೇ ಹೆಸರಿಗೆ ಹೋಗೋಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಆ ಬೆಳಕಿನ ಕಥೆ ಹೇಳಲೇಬೇಕು. ಸ್ಟುಡಿಯೋದೊಳಗೆ ಎಲ್ಲಿಂದಲೋ ಬಂದ ಬಿಸಿಲಿನ ಕೋಲು ನೋಡಿ, ಹಾಡಿಗೆ ಇದೇ ಥರದ ಬೆಳಕು ಬೇಕು ಅಂತ ಚಿತ್ರದ ನಿರ್ದೇಶಕ, ನಾಯಕ ಗುರುದತ್ ಅವರಿಗೆ ಅನ್ನಿಸಿತು. ಸ್ಟುಡಿಯೋ ದೀಪ ಹಾಕಿದರೆ ಹಾಗೆ ಬರುವುದಿಲ್ಲ. ದೀಪದ ಬೆಳಕು ಹತ್ತಿರದಿಂದ ಹೊರಡುತ್ತದೆ, ದೂರ ಹೋಗ್ತಾ ಹೋಗ್ತಾ ಅಗಲವಾಗುತ್ತದೆ. ಸೂರ್ಯ ಎಷ್ಟೋ ದೂರದಲ್ಲಿರುವುದರಿಂದ ಬಿಸಿಲಿನ ಕೋಲು ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಅಗಲ ಇರುತ್ತದೆ. ಮೂರ್ತಿಯವರು ಎರಡು ದೊಡ್ಡ ಕನ್ನಡಿ ತರಿಸಿದರು. ಒಂದನ್ನು ಹೊರಗೆ ಬಿಸಿಲಿಗೆ ಇಟ್ಟರು, ಅದು ಬಿಸಿಲನ್ನು ಹಿಡಿದು ಒಳಗೆ ಕಳಿಸಿತು. ಇನ್ನೊಂದನ್ನು ಒಳಗೆ ಮೇಲೆ ಇಟ್ಟರು, ಅದು ಆ ಬಿಸಿಲನ್ನು ಕೆಳಕ್ಕೆ ಬೀಳಿಸಿತು. ಗಾಳಿಯಲ್ಲಿ ಧೂಳೋ ಹೊಗೆಯೋ ಇಲ್ಲದಿದ್ದರೆ ಬೆಳಕಿನ ಕೋಲು ಕಣ್ಣಿಗೆ ಕಾಣುವುದೇ ಇಲ್ಲ, ಅದೂ ಬೇಕು. ಸೂರ್ಯ ನಮಗಾಗಿ ನಿಲ್ಲುವುದಿಲ್ಲ, ಹಾಗಾಗಿ ಹೊರಗಿನ ಕನ್ನಡಿಯನ್ನು ಆಗಾಗ ತಿರುಗಿಸುತ್ತಲೇ ಇರಬೇಕು. ಇಷ್ಟೆಲ್ಲಾ ಮಾಡಿದ್ದು ಸಿನಿಮಾದೊಳಗಿನ ಸಿನಿಮಾ ಸ್ಟುಡಿಯೋ ಒಂದನ್ನು ತೋರಿಸೋಕೆ. ಸ್ಟುಡಿಯೋದಲ್ಲಿ ದೀಪಗಳಿಗೆ ಬರವೇ? ಆದರೂ ಅವರು ಬಿಸಿಲನ್ನೇ ಒಳಗೆ ಕರೆದುಕೊಂಡು ಬಂದರು.

ಆ ಹಾಡಿನಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ನಿಂತಲ್ಲೇ ನಿಂತಿರುತ್ತಾರೆ. ಅವರ ಒಳಗಿಂದ ಅವರದೇ ನೆರಳಿನಂಥ ರೂಪಗಳು ಎದ್ದು ಬಂದು ಆ ಬೆಳಕಿನಲ್ಲಿ ಸೇರುತ್ತವೆ. ದೇಹಗಳು ಮಾತ್ರ ಕತ್ತಲಲ್ಲಿ, ದೂರ ದೂರ. ಗೀತಾ ದತ್ ಅವರ ದನಿ. ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ.

ಇಲ್ಲಿ ಒಂದು ಮಾತು. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಂದರೆ ಪರದೆ ಎತ್ತರಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಅಗಲ. ನಾನು ಮೊದಲು ಪೂರ್ತಿ ಚಿತ್ರ ನೋಡಿದ್ದು ಯಾರೋ ಎರಡೂ ಬದಿ ಕತ್ತರಿಸಿ ಟಿವಿಯ ಚೌಕಕ್ಕೆ ತುರುಕಿದ ಒಂದು ಪ್ರತಿಯಲ್ಲಿ. ಕೆಲವು ಕಡೆ ಒಬ್ಬರು ಇದ್ದರೆ ಇನ್ನೊಬ್ಬರೇ ಇಲ್ಲ, ಬರೀ ನಡುವಿನ ಕುರ್ಚಿ ಮತ್ತು ನೆಲ. ಆಗ ನನಗೆ ಚಿತ್ರ ಅಷ್ಟೇನೂ ಹಿಡಿಸಲಿಲ್ಲ. ಆಮೇಲೆ ಸರಿಯಾದ ಅಗಲದಲ್ಲಿ ನೋಡಿದಾಗ ಬೆಚ್ಚಿಬಿದ್ದೆ. ಆ ಅಗಲವನ್ನು ಮೂರ್ತಿಯವರು ಇಬ್ಬರ ನಡುವಿನ ಖಾಲಿ ಜಾಗಕ್ಕಾಗಿ ಬಳಸಿದ್ದಾರೆ. ದೊಡ್ಡ ಪರದೆ ಸಿಕ್ಕಿದೆ ಅಂತ ಅದರ ತುಂಬ ಜನ, ಕುದುರೆ, ಅರಮನೆ ತುಂಬಿಸಲಿಲ್ಲ. ಎರಡು ತುದಿಯಲ್ಲಿ ಇಬ್ಬರು, ನಡುವೆ ಏನೂ ಇಲ್ಲ. ಬದಿ ಕತ್ತರಿಸಿದವರು ಆ ದೂರವನ್ನೇ ಕತ್ತರಿಸಿಬಿಟ್ಟಿದ್ದರು. ಹಳೇ ಚಿತ್ರ ನೋಡುವ ಎಲ್ಲರಿಗೂ ನಾನು ಹೇಳೋದು ಇಷ್ಟೇ, ಮೊದಲು ಪರದೆಯ ಅಳತೆ ಸರಿ ಇದೆಯಾ ಅಂತ ನೋಡಿಕೊಳ್ಳಿ. ಚಿತ್ರ ಬಿಡುಗಡೆಯಾದಾಗ ಸೋತಿತು. ಗುರುದತ್ ಆಮೇಲೆ ತಮ್ಮ ಹೆಸರಲ್ಲಿ ಯಾವ ಚಿತ್ರವನ್ನೂ ನಿರ್ದೇಶಿಸಲಿಲ್ಲ. ಛಾಯಾಗ್ರಹಣಕ್ಕೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ಮೂರ್ತಿ ಹುಟ್ಟಿದ್ದು 1923ರಲ್ಲಿ. ಪಿಟೀಲು ಕಲಿತಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದರು. ಕ್ಯಾಮೆರಾ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ನಾವೆಲ್ಲ ಎಸ್‌ಜೆಪಿ ಅನ್ನುತ್ತೇವಲ್ಲ, ಕೆ.ಆರ್. ಸರ್ಕಲ್ ಹತ್ತಿರದ್ದು, ಅಲ್ಲಿ. 1940ರ ದಶಕದಲ್ಲೇ ಅಲ್ಲಿ ಛಾಯಾಗ್ರಹಣ ಕಲಿಸುತ್ತಿದ್ದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದದ್ದು 1960ರಲ್ಲಿ! ಆ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ, ಪಕ್ಕದಲ್ಲಿ ಕೂತವರಿಗೆ ಹೇಳಬೇಕು ಅನ್ನಿಸುತ್ತದೆ. ಮೂರ್ತಿ ಅಲ್ಲಿಂದ ಬಾಂಬೆಗೆ ಹೋಗಿ ಅಸಿಸ್ಟೆಂಟ್ ಆಗಿ ದುಡಿದರು. 1951ರ 'ಬಾಜಿ'ಯಲ್ಲಿ ಅವರು ಸೂಚಿಸಿದ ಒಂದು ಕಷ್ಟದ ಶಾಟ್ ಗುರುದತ್ತರಿಗೆ ಹಿಡಿಸಿತು. ಮುಂದಿನ ವರ್ಷದ 'ಜಾಲ್'ನಿಂದ ಮೂರ್ತಿಯೇ ಅವರ ಛಾಯಾಗ್ರಾಹಕ.

ಇವರಿಬ್ಬರ 'ಪ್ಯಾಸಾ' ಬಗ್ಗೆ ಎಲ್ಲರೂ ಬರೆದಿದ್ದಾರೆ, ಕೊನೆಯಲ್ಲಿ ಸಭಾಂಗಣದ ಬಾಗಿಲಲ್ಲಿ ಕೈ ಚಾಚಿ ನಿಂತ ಕವಿ, ಹಿಂದಿನಿಂದ ಬರುವ ಬೆಳಕು, ಕಾಣದ ಮುಖ. ನಾನು ಅದಕ್ಕಿಂತ ಜಾಸ್ತಿ ಸಲ ನೋಡಿರೋದು 1962ರ 'ಸಾಹಿಬ್ ಬೀಬಿ ಔರ್ ಗುಲಾಮ್'. ಅದರಲ್ಲಿ ಮೀನೂ ಮುಮ್ತಾಜ್ ಕುಣಿಯುವ ಒಂದು ಹಾಡಿದೆ, 'ಸಾಕಿಯಾ ಆಜ್ ಮುಝೆ'. ಮುಂದೆ ಕುಣಿಯುವವರ ಮೇಲೆ ಮಾತ್ರ ಬೆಳಕು. ಹಿಂದೆ ಇಡೀ ಗುಂಪು ಕುಣಿಯುತ್ತಿದೆ, ಆದರೆ ಹಾಡು ಮುಗಿಯುವವರೆಗೂ ಒಬ್ಬರ ಮುಖವೂ ಕಾಣುವುದಿಲ್ಲ. ಬರೀ ನೆರಳುಗಳು. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಜನರನ್ನು ಕರೆಸಿ, ಬಟ್ಟೆ ಹೊಲಿಸಿ, ಸಂಬಳ ಕೊಟ್ಟು, ಕತ್ತಲಲ್ಲಿ ನಿಲ್ಲಿಸುತ್ತಿದ್ದರಾ? ಜಮೀನ್ದಾರರ ಆ ಮನೆಯಲ್ಲಿ ಹಿಂದಿನ ಸಾಲಿನವರ ಮುಖವನ್ನು ಯಾರೂ ನೋಡುವುದಿಲ್ಲ ಅನ್ನೋದು ನನಗೆ ಆ ಹಾಡು ನೋಡಿದಾಗಲೇ ಹೊಳೆದದ್ದು.

ಅದೇ ಚಿತ್ರದಲ್ಲಿ ಮೀನಾ ಕುಮಾರಿ ಮೊದಲು ಕಾಣಿಸಿಕೊಳ್ಳುವ ದೃಶ್ಯ. ಕಥಾನಾಯಕ ಭೂತನಾಥ ತಲೆ ತಗ್ಗಿಸಿಕೊಂಡು ಒಳಗೆ ಬರುತ್ತಾನೆ. ಅವನಿಗೆ ಕಾಣೋದು ಜಮಖಾನ, ಆಮೇಲೆ ಪಾದ. ನಮಗೂ ಅಷ್ಟೇ. ಅವಳು ಮಾತಾಡಿಸಿದ ಮೇಲೆ ಅವನು ತಲೆ ಎತ್ತುತ್ತಾನೆ, ಆಗ ಕ್ಯಾಮೆರಾ ಅವಳ ಮುಖದ ಹತ್ತಿರ ಹೋಗುತ್ತದೆ. ಮುಖ ನೋಡುವ ಹಕ್ಕು ಸಿಗುವವರೆಗೂ ಕಾಯಿಸುತ್ತಾರೆ. ನನ್ನ ಪ್ರಕಾರ ಮೂರ್ತಿಯವರ ದೊಡ್ಡ ಗುಣ ಇದು, ಮುಖವನ್ನು ಸುಮ್ಮನೆ ಕೊಟ್ಟುಬಿಡುವುದಿಲ್ಲ.

ಇಷ್ಟು ದೊಡ್ಡ ಮನುಷ್ಯ ಕನ್ನಡದಲ್ಲಿ ಮಾಡಿದ್ದು ಒಂದೇ ಚಿತ್ರ, 1993ರ 'ಹೂವು ಹಣ್ಣು'. ತ್ರಿವೇಣಿಯವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಲಕ್ಷ್ಮಿ ಅಭಿನಯ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ಇದ್ದರು. 2014ರ ಏಪ್ರಿಲ್‌ನಲ್ಲಿ ಹೋದರು. ಅವರು ಇದ್ದ ಊರಿನಲ್ಲೇ ನಾನೂ ಇದ್ದೆ, ಒಂದು ಸಲವೂ ಹೋಗಿ ನೋಡಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಮೂರ್ತಿಯವರ ಜೊತೆ ಅಸಿಸ್ಟೆಂಟ್ ಆಗಿದ್ದ ಗೋವಿಂದ ನಿಹಲಾನಿ ಕೂಡ ಅದೇ ಎಸ್‌ಜೆಪಿಯಲ್ಲಿ ಓದಿದವರು. ಅವರು ಕನ್ನಡಕ್ಕೆ ಬಂದು 1973ರಲ್ಲಿ ಗಿರೀಶ್ ಕಾರ್ನಾಡರ 'ಕಾಡು' ಚಿತ್ರೀಕರಿಸಿದರು. ಮರುವರ್ಷ ಶ್ಯಾಮ್ ಬೆನಗಲ್‌ರ 'ಅಂಕುರ್'. ನನಗೆ 'ಕಾಡು' ಇಷ್ಟವಾಗೋದು ಕಿಟ್ಟಿ ಅನ್ನೋ ಹುಡುಗನ ಎತ್ತರದಿಂದ ಅದನ್ನು ನೋಡುವುದಕ್ಕೆ. ದೊಡ್ಡವರ ಜಗಳ ಅವನಿಗೆ ಅರ್ಧಂಬರ್ಧ ಕಾಣುತ್ತದೆ, ನಮಗೂ ಹಾಗೇ. ಆಲನಹಳ್ಳಿ ಶ್ರೀಕೃಷ್ಣರ ಕಾದಂಬರಿ ಓದಿದವರಿಗೆ ಇದು ಎಷ್ಟು ಮುಖ್ಯ ಅಂತ ಗೊತ್ತು.

ಇನ್ನು ನನ್ನ ಎರಡನೇ ಹೆಸರು. ಕನ್ನಡದವರಲ್ಲ, ಆದರೆ ಅಜ್ಜಿ ಮನೆಯ ಅಂಗಳದ ಬಗ್ಗೆ ಇವರಷ್ಟು ಸರಿಯಾಗಿ ನನಗೆ ಯಾರೂ ಹೇಳಿಕೊಟ್ಟಿಲ್ಲ. ಸುಬ್ರತ ಮಿತ್ರ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ಶುರು ಮಾಡಿದಾಗ ಅವರಿಗೆ ಇಪ್ಪತ್ತರ ಮೇಲೊಂದು ವಯಸ್ಸು, ಅದಕ್ಕೂ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿರಲಿಲ್ಲ. ಅದರ ಮುಂದಿನ ಚಿತ್ರ 1956ರ 'ಅಪರಾಜಿತೋ'. ಕಾಶಿಯ ಒಂದು ಮನೆ ಬೇಕಿತ್ತು, ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು. ನಮ್ಮ ತೊಟ್ಟಿ ಮನೆ ಇದ್ದ ಹಾಗೆ. ಅದನ್ನು ಕಲ್ಕತ್ತಾದ ಸ್ಟುಡಿಯೋದಲ್ಲಿ ಕಟ್ಟೋದು ಅಂತ ಸತ್ಯಜಿತ್ ರಾಯ್ ಮತ್ತು ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ತೀರ್ಮಾನಿಸಿದರು. ಬೇಡವೇ ಬೇಡ ಅಂತ ಮಿತ್ರ ವಾದ ಮಾಡಿದರು. ಯಾಕೆ ಗೊತ್ತಾ? ತೊಟ್ಟಿ ಮನೆಯಲ್ಲಿ ಬಿಸಿಲು ನೇರ ಬೀಳದ ಹೊತ್ತಿನಲ್ಲಿ ನಿಂತು ನೋಡಿ. ಬೆಳಕು ಆಕಾಶದಿಂದ ಇಳಿಯುತ್ತದೆ, ಎಲ್ಲ ಕಡೆಯಿಂದಲೂ ಬರುತ್ತದೆ, ಕಂಬಕ್ಕೂ ಗಟ್ಟಿ ನೆರಳಿರುವುದಿಲ್ಲ, ಮನುಷ್ಯರಿಗೂ ಇರುವುದಿಲ್ಲ. ಸ್ಟುಡಿಯೋ ದೀಪ ಹಾಕಿದ ತಕ್ಷಣ ಒಬ್ಬೊಬ್ಬರಿಗೂ ಗೋಡೆ ಮೇಲೆ ಎರಡೆರಡು ನೆರಳು ಬೀಳುತ್ತವೆ. ಸುಳ್ಳು ಅಂತ ಗೊತ್ತಾಗಿಬಿಡುತ್ತದೆ.

ವಾದದಲ್ಲಿ ಮಿತ್ರ ಸೋತರು, ಮನೆ ಸ್ಟುಡಿಯೋದಲ್ಲೇ ಎದ್ದಿತು. ಆಗ ಅವರು ಮಾಡಿದ ಕೆಲಸ ನೋಡಿ. ಅಂಗಳದ ಮೇಲೆ, ಆಕಾಶ ಇರಬೇಕಾದ ಜಾಗದಲ್ಲಿ, ಒಂದು ಬಿಳಿ ಬಟ್ಟೆ ಕಟ್ಟಿಸಿದರು. ದೀಪಗಳನ್ನು ಜನರ ಕಡೆ ತಿರುಗಿಸದೆ ಆ ಬಟ್ಟೆ ಕಡೆ ತಿರುಗಿಸಿದರು. ಬಟ್ಟೆಗೆ ಬಡಿದ ಬೆಳಕು ಮೆತ್ತಗಾಗಿ, ಹರಡಿಕೊಂಡು ಕೆಳಗೆ ಇಳಿಯಿತು. ಬೌನ್ಸ್ ಲೈಟಿಂಗ್ ಅಂತ ಇವತ್ತು ಮದುವೆ ಫೋಟೋ ತೆಗೆಯುವ ಹುಡುಗರೂ ಹೇಳುವ ವಿಷಯ. ಚಿತ್ರ ನೋಡುವಾಗ ಅದು ಸೆಟ್ ಅಂತ ಒಂದು ಕ್ಷಣವೂ ಅನ್ನಿಸುವುದಿಲ್ಲ, ಅಮ್ಮ ಪಾತ್ರೆ ಹಿಡಿದು ಅಂಗಳ ದಾಟುತ್ತಾಳೆ, ಅಷ್ಟೇ. ಮೂರ್ತಿ ಬಿಸಿಲನ್ನು ಸ್ಟುಡಿಯೋಗೆ ತಂದರು, ಮಿತ್ರ ಆಕಾಶವನ್ನೇ ತಂದರು. ಇಬ್ಬರ ಚಿತ್ರಗಳ ನಡುವೆ ಮೂರೇ ವರ್ಷ.

ಈಗ ಎಸ್. ರಾಮಚಂದ್ರ. ಇವರ ಬಗ್ಗೆ ಕನ್ನಡದಲ್ಲಿ ಇನ್ನೂ ಜಾಸ್ತಿ ಮಾತಾಡಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 'ಚೋಮನ ದುಡಿ' 1975ರಲ್ಲಿ, 'ಘಟಶ್ರಾದ್ಧ' 1977ರಲ್ಲಿ. ಎರಡೂ ಕಪ್ಪು ಬಿಳುಪು, ಎರಡಕ್ಕೂ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಎರಡಕ್ಕೂ ಕ್ಯಾಮೆರಾ ಇವರದೇ. ಆಮೇಲೆ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್'. ಹಾಗಾಗಿ ನಮ್ಮ ವಯಸ್ಸಿನವರ ತಲೆಯಲ್ಲಿರುವ ಮಲೆನಾಡು, ಅದು ನಾವು ನೋಡಿದ್ದೋ ಅಥವಾ ರಾಮಚಂದ್ರ ನಮಗೆ ತೋರಿಸಿದ್ದೋ ಅಂತ ಬಿಡಿಸಿ ಹೇಳೋಕೆ ಆಗಲ್ಲ. ಆಗುಂಬೆಯ ಬೀದಿಯನ್ನು ನಾನು ಮೊದಲು ಕಂಡದ್ದು ಟಿವಿಯಲ್ಲಿ, ತೀರ್ಥಹಳ್ಳಿಯಿಂದ ಅದು ಒಂದು ಗಂಟೆಯ ದಾರಿ ಆದರೂ!

'ಘಟಶ್ರಾದ್ಧ' ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ, ಬಾಲವಿಧವೆ ಯಮುನಕ್ಕ. ಅವಳಿಗೆ ಆಗಬಾರದ್ದು ಆಗಿದೆ ಅಂತ ಹುಡುಗನಿಗೆ ಪೂರ್ತಿ ತಿಳಿಯುವುದಿಲ್ಲ, ಅವಳ ಮೇಲಿನ ಪ್ರೀತಿ ಮಾತ್ರ ಗೊತ್ತು. ಈ ಚಿತ್ರದ ಮನೆ ನನಗೆ ಗೊತ್ತಿರುವ ಮನೆ. ಬಾಗಿಲಿನಿಂದ ಬಂದ ಬೆಳಕು ಜಗುಲಿಯಲ್ಲೇ ಮುಗಿದುಹೋಗುತ್ತದೆ. ಒಳಗೆ ಹೋದಷ್ಟೂ ಮಬ್ಬು. ಯಾರು ಯಾವ ಕತ್ತಲಲ್ಲಿ ನಿಂತು ಏನು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗದ ಮನೆ. ಗುಟ್ಟು ಇಟ್ಟುಕೊಳ್ಳೋಕೆ ಆ ಕತ್ತಲು ಬೇಕು, ಗುಟ್ಟು ಹೊರಗೆ ಹೋಗೋದೂ ಅದೇ ಕತ್ತಲಿಂದ. ರಾಮಚಂದ್ರ ಅಲ್ಲಿ ಒಂದು ದೀಪವನ್ನೂ ಜಾಸ್ತಿ ಹಾಕಿಲ್ಲ ಅನ್ನಿಸುತ್ತದೆ. ಹಾಕಿರುತ್ತಾರೆ, ಆಗಿನ ಫಿಲ್ಮಿಗೆ ದೀಪ ಇಲ್ಲದೆ ಮನೆಯೊಳಗೆ ಏನೂ ಮೂಡುತ್ತಿರಲಿಲ್ಲ. ಆದರೆ ಎಲ್ಲಿ ಹಾಕಿದರು ಅಂತ ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ.

ಹೊರಗೆ ಬಂದರೆ ಬೇರೆ. ಕಪ್ಪು ಬಿಳುಪಿನಲ್ಲಿ ಮಲೆನಾಡಿನ ಹಸಿರು ಅಂತ ಏನೂ ಇರುವುದಿಲ್ಲ. ನಾವು ಸುಂದರ ಅನ್ನೋ ಕಾಡು ಇಲ್ಲಿ ಬೂದು, ಕಪ್ಪು. ಯಮುನಕ್ಕ ಹಾವಿನ ಹುತ್ತದೊಳಗೆ ಕೈ ಹಾಕುವ ದೃಶ್ಯವನ್ನು ಬಣ್ಣದಲ್ಲಿ ಊಹಿಸಿಕೊಳ್ಳಿ, ಸುತ್ತಲಿನ ಹಸಿರು ಕಣ್ಣನ್ನು ಎಳೆದುಬಿಡುತ್ತದೆ. ಬಣ್ಣ ಇಲ್ಲದ್ದರಿಂದ ಕೈ, ಹುತ್ತ, ಅವಳ ಮುಖ, ಇಷ್ಟೇ ಉಳಿಯುತ್ತದೆ. ಕೊನೆಗೆ ತಲೆ ಬೋಳಿಸಿಕೊಂಡು ಮರದ ಬುಡದಲ್ಲಿ ಕೂತ ಅವಳನ್ನು ಹುಡುಗ ಅಪ್ಪನ ಜೊತೆ ಹೋಗ್ತಾ ನೋಡುತ್ತಾನೆ. ಕ್ಯಾಮೆರಾ ಅಲ್ಲಿ ಯಾವ ಚಮತ್ಕಾರವನ್ನೂ ಮಾಡುವುದಿಲ್ಲ. ನೋಡುತ್ತದೆ. ನನಗೆ ಅದು ಸಾಕು. ಚಿತ್ರವನ್ನು ಈಗ ರಿಸ್ಟೋರ್ ಮಾಡಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಪ್ರತಿ ಬೆಂಗಳೂರಿನ ಒಂದು ಥಿಯೇಟರ್‌ನಲ್ಲಿ ಕೆಲವು ದಿನ ಓಡಲಿ ಅಂತ ನನ್ನ ಆಸೆ. ಇಷ್ಟು ವರ್ಷ ನಾವು ನೋಡಿದ್ದು ಮಸುಕು ಮಸುಕಾದ ಪ್ರತಿಗಳನ್ನು. ಮಸುಕಾದ ಪ್ರತಿಯಲ್ಲಿ ಕತ್ತಲು ಎಲ್ಲ ಒಂದೇ ಥರ ಕಾಣುತ್ತದೆ, ಅದರೊಳಗೆ ಐದಾರು ಬಗೆ ಇದ್ದದ್ದು ಗೊತ್ತಾಗುವುದೇ ಇಲ್ಲ.

'ಚೋಮನ ದುಡಿ'ಯ ಗುಡಿಸಲೂ ಹಾಗೇ. ಕೊನೆಯಲ್ಲಿ ಚೋಮ ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುವಾಗ ವಾಸುದೇವರಾವ್ ಅವರ ಮುಖದ ಬೆವರು ಹೊಳೆಯುತ್ತದಲ್ಲ, ಅಷ್ಟೇ ನನಗೆ ಬೇಕಾದ ಬೆಳಕು. ರಾಮಚಂದ್ರ 2011ರಲ್ಲಿ ತೀರಿಕೊಂಡರು.

ಇದಕ್ಕೂ ಮುಂಚೆ, 1970ರಲ್ಲಿ, 'ಸಂಸ್ಕಾರ'ಕ್ಕೆ ಕ್ಯಾಮೆರಾ ಹಿಡಿದದ್ದು ಟಾಮ್ ಕೋವನ್ ಅನ್ನೋ ಆಸ್ಟ್ರೇಲಿಯಾದವರು. ಶೃಂಗೇರಿ ಹತ್ತಿರದ ಅಗ್ರಹಾರವನ್ನು ಅವರು ಹೊರಗಿನವರ ಕಣ್ಣಿನಿಂದ ನೋಡಿದರು. ನಾವು ದಿನಾ ನೋಡಿ ಮರೆತುಬಿಟ್ಟ ಮುಖದ ಗೆರೆ, ಜನಿವಾರ, ಒದ್ದೆ ಬಟ್ಟೆ ಎಲ್ಲ ಅಲ್ಲಿ ಎದ್ದು ಕಾಣುತ್ತವೆ. ಒಳ್ಳೆಯ ಕೆಲಸ, ನನಗೆ ಇಷ್ಟ. ಆದರೂ ರಾಮಚಂದ್ರರ ಮನೆಯೊಳಗೆ ನನಗೆ ಸಿಗುವ ಪರಿಚಯ ಅಲ್ಲಿ ಸಿಗುವುದಿಲ್ಲ.

ಬಣ್ಣದ ಚಿತ್ರಗಳ ಬಗ್ಗೆ ಕೇಳಿದರೆ 'ನಾಗರಹಾವು' ಹೇಳುತ್ತೇನೆ. 1972, ಚಿಟ್ಟಿಬಾಬು ಅವರ ಕ್ಯಾಮೆರಾ. ಚಿತ್ರದುರ್ಗದ ಬಂಡೆಗಳ ನಡುವೆ ರಾಮಾಚಾರಿ ನಿಂತರೆ ಅವನ ಹಟವೂ ಆ ಬಂಡೆಯದೇ ಅನ್ನಿಸುತ್ತದೆ. 'ಬಾರೇ ಬಾರೇ' ಹಾಡು ಪೂರ್ತಿ ಸ್ಲೋ ಮೋಷನ್‌ನಲ್ಲಿದೆ. ಅಂದರೆ ಕ್ಯಾಮೆರಾದಲ್ಲಿ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟಿಗಿಂತ ಜೋರಾಗಿ ಓಡಬೇಕು, ಒಂದೊಂದು ಚೌಕಟ್ಟಿಗೂ ಬೆಳಕು ಸಿಗುವ ಹೊತ್ತು ಕಡಿಮೆ, ಹಾಗಾಗಿ ಒಳ್ಳೇ ಬಿಸಿಲು ಬೇಕು. ದುರ್ಗದಲ್ಲಿ ಬಿಸಿಲಿಗೇನು ಕೊರತೆ! ಬಿ.ಸಿ. ಗೌರಿಶಂಕರ್ ಇನ್ನೊಬ್ಬರು. 1980ರ 'ಮಿಂಚಿನ ಓಟ'ವೂ ಅವರದೇ, 1995ರ 'ಓಂ' ಕೂಡ ಅವರದೇ. 'ಓಂ'ನಲ್ಲಿ ಬೆಂಗಳೂರಿನ ಬೀದಿಗಳು ಚೆಂದ ಕಾಣಬೇಕು ಅಂತ ಯಾರೂ ಪ್ರಯತ್ನ ಮಾಡಿಲ್ಲ, ಅದೇ ಅದರ ಬಲ.

ಮಳೆಗೆ ಮಾತ್ರ ಒಬ್ಬರೇ. 'ದ್ವೀಪ', ಎಚ್.ಎಂ. ರಾಮಚಂದ್ರ ಹಾಲ್ಕೆರೆ, ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂದ ಕೆಲಸ. ಮಳೆ ಚಿತ್ರೀಕರಿಸೋದು ಸುಲಭ ಅಂತ ನಾನು ಅಂದುಕೊಂಡಿದ್ದೆ, ಕ್ಯಾಮೆರಾ ನೆನೆಯದ ಹಾಗೆ ನೋಡಿಕೊಂಡರೆ ಆಯಿತು ಅಂತ. ಆದರೆ ಮುಂದಿನಿಂದ ಬೆಳಕು ಬಿದ್ದರೆ ಮಳೆ ಕಾಣುವುದೇ ಇಲ್ಲ. ಬೆಳಕು ಮಳೆಯ ಹಿಂದಿನಿಂದ ಬರಬೇಕು, ಅದರ ಹಿಂದೆ ಕಪ್ಪಾದದ್ದು ಏನಾದರೂ ಇರಬೇಕು, ಕಾಡೋ ಬಾಗಿಲೋ. ಆಗ ಹನಿ ಹನಿಯೂ ಎಳೆಯಾಗಿ ಕಾಣುತ್ತದೆ. ಮನೆಯ ಜಗುಲಿಯಿಂದ ಅಂಗಳದ ಮಳೆ ನೋಡುವಾಗ ಎದುರಿಗೆ ಕಪ್ಪು ಮರಗಳಿರುತ್ತವೆ ನೋಡಿ, ಅದಕ್ಕೇ ಮಲೆನಾಡಿನಲ್ಲಿ ಮಳೆ ಅಷ್ಟು ದಪ್ಪ ಕಾಣೋದು! 'ದ್ವೀಪ'ದಲ್ಲಿ ಮಳೆ ಹಾಡಿನ ಅಲಂಕಾರ ಆಗಿ ಬಂದಿಲ್ಲ. ನೀರು ಏರುತ್ತಿದೆ, ಊರು ಮುಳುಗುತ್ತದೆ, ನಟಿ ಸೌಂದರ್ಯ ಒಬ್ಬಳೇ ನಿಂತಿದ್ದಾಳೆ. ಅಣೆಕಟ್ಟಿಗೆ ಊರು ಕಳೆದುಕೊಂಡವರು ನಮ್ಮ ಕಡೆ ಸುಮಾರು ಮನೆಗಳಲ್ಲಿದ್ದಾರೆ. ಆ ಚಿತ್ರ ನೋಡುವಾಗ ನಮ್ಮಮ್ಮ ಒಂದು ಮಾತೂ ಆಡಲಿಲ್ಲ.

ಈಗಿನವರಲ್ಲಿ ಯಾರು ಅಂತ ಕೇಳಬಹುದು. 'ತಿಥಿ'ಯ ಡೋರೋನ್ ಟೆಂಪರ್ಟ್ ನನಗೆ ಇಷ್ಟ. ಮಂಡ್ಯದ ಹಳ್ಳಿಯಲ್ಲಿ, ಮುಂಚೆ ನಟಿಸದ ಜನರ ಜೊತೆ, ಬಿಸಿಲನ್ನು ಇದ್ದ ಹಾಗೆ ಬಿಟ್ಟಿದ್ದಾರೆ, ಮಧ್ಯಾಹ್ನದ ಬಿಸಿಲು ಚುಚ್ಚುತ್ತದೆ. 'ಕಾಂತಾರ'ದಲ್ಲಿ ಅರವಿಂದ್ ಎಸ್. ಕಶ್ಯಪ್ ರಾತ್ರಿ ದೃಶ್ಯಗಳಲ್ಲಿ ಪಂಜಿನ ಬೆಂಕಿಗೆ ಜಾಗ ಕೊಟ್ಟಿದ್ದಾರೆ. ಭೂತಕೋಲ ನೋಡಿದವರಿಗೆ ಗೊತ್ತು, ಬೆಂಕಿ ಅಲ್ಲಾಡಿದ ಹಾಗೆ ಮುಖವೂ ಬದಲಾಗುತ್ತದೆ. 'ಸಪ್ತ ಸಾಗರದಾಚೆ ಎಲ್ಲೋ'ದಲ್ಲಿ ಅದ್ವೈತ ಗುರುಮೂರ್ತಿ ಮೊದಲ ಭಾಗಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು ಹಿಡಿದು ಕೊನೆಯವರೆಗೂ ಬಿಡಲಿಲ್ಲ. ಮೊದಲ ಸಲ ನೋಡಿದಾಗ ಅದು ಜಾಸ್ತಿಯಾಯಿತು ಅನ್ನಿಸಿತ್ತು, ಎರಡನೇ ಸಲ ಅನ್ನಿಸಲಿಲ್ಲ.

ಒಂದು ಬೇಸರ ಮಾತ್ರ ಹೇಳಿಬಿಡುತ್ತೇನೆ. ಈಚೆಗೆ ತುಂಬ ಚಿತ್ರಗಳಲ್ಲಿ ಎಲ್ಲವೂ ಕಪ್ಪು. 'ಕೆಜಿಎಫ್'ನ ಕಪ್ಪಿಗೆ ಕಾರಣ ಇತ್ತು. ಗಣಿ ಇದೆ, ಧೂಳಿದೆ, ಭುವನ್ ಗೌಡ ಅದನ್ನು ಸರಿಯಾಗಿ ಹಿಡಿದರು. ಆಮೇಲೆ ಬಂದ ಎಷ್ಟೋ ಚಿತ್ರಗಳಲ್ಲಿ ಹಗಲು ಹೊತ್ತು ಮನೆಯಲ್ಲಿ ಕಾಫಿ ಕುಡಿಯುವವರೂ ಕತ್ತಲಲ್ಲೇ ಕೂತಿರುತ್ತಾರೆ. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ ಗೊತ್ತಾಗಲ್ಲ. ನಾನು ನೆರಳನ್ನು ಇಷ್ಟಪಡುವವನು, ಆದರೂ ಅಲ್ಲಿ ನನಗೆ ಉಸಿರು ಕಟ್ಟುತ್ತದೆ. ಅಜ್ಜಿ ಮನೆಯ ಕತ್ತಲು ಹಾಗಿರಲಿಲ್ಲ. ಮೇಲೆ ಒಂದು ಹೆಂಚು ಇತ್ತಲ್ಲ.

ಹೋದ ವರ್ಷ ಊರಿಗೆ ಹೋಗಿದ್ದೆ. ಅಜ್ಜಿ ಇಲ್ಲ ಈಗ. ಚಿಕ್ಕಮ್ಮ ಅದೇ ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಡುತ್ತಿದ್ದರು, ಮೇಲಿನಿಂದ ಬಿಸಿಲಿನ ಕೋಲು ಅವರ ಭುಜದ ಮೇಲೆ ಬಿದ್ದಿತ್ತು. ಫೋನ್ ತೆಗೆದು ಒಂದು ಫೋಟೋ ತೆಗೆದೆ. ಫೋಟೋದಲ್ಲಿ ಎಲ್ಲವೂ ಇತ್ತು. ಹಿಂದಿನ ಕಪಾಟು, ಡಬ್ಬಿಗಳ ಮೇಲಿನ ಚೀಟಿ, ಮೂಲೆಯ ಪ್ಲಾಸ್ಟಿಕ್ ಬಕೆಟ್, ಗೋಡೆಯ ಕ್ಯಾಲೆಂಡರ್. ಬಿಸಿಲಿನ ಕೋಲು ಮಾತ್ರ ಇರಲಿಲ್ಲ. ಈಗಿನ ಫೋನುಗಳು ಒಂದು ಫೋಟೋಗೆ ಹಲವು ಚಿತ್ರ ತೆಗೆದು, ಕತ್ತಲಿದ್ದ ಕಡೆ ಬೆಳಕು ಏರಿಸಿ, ಬೆಳಕು ಜಾಸ್ತಿ ಇದ್ದ ಕಡೆ ಇಳಿಸಿ, ಸೇರಿಸಿ ಕೊಡುತ್ತವೆ. ಯಾವ ಮೂಲೆಯೂ ಕತ್ತಲಿರಬಾರದು ಅಂತ ಅದಕ್ಕೆ ಯಾರೋ ಹೇಳಿಕೊಟ್ಟಿದ್ದಾರೆ. ನಾನು ಪರದೆ ಮೇಲೆ ಬಿಸಿಲು ಬಿದ್ದ ಜಾಗ ಒತ್ತಿ, ಬೆರಳನ್ನು ಕೆಳಕ್ಕೆ ಎಳೆದೆ. ಬಕೆಟ್ ಹೋಯಿತು. ಇನ್ನೂ ಎಳೆದೆ. ಕಪಾಟು, ಕ್ಯಾಲೆಂಡರ್ ಹೋದವು. ಕೊನೆಗೆ ಚಿಕ್ಕಮ್ಮನ ಅರ್ಧ ಮುಖ, ಭುಜ, ಒಲೆಯ ಕೆಂಡ, ಹೊಗೆ, ಕೋಲು, ಇಷ್ಟು ಉಳಿಯಿತು.

ಚಿಕ್ಕಮ್ಮನಿಗೆ ತೋರಿಸಿದೆ. "ಅರ್ಧ ಮುಖ ಎಲ್ಲಿ ಹೋಯ್ತೋ?" ಅಂದರು. ಆಮೇಲೆ ಫೋನನ್ನು ಕೈಗೆ ತೆಗೆದುಕೊಂಡು ಸುಮಾರು ಹೊತ್ತು ನೋಡಿ, "ಅಮ್ಮನ ಥರಾನೇ ಕಾಣ್ತೀನಿ ಅಲ್ವಾ" ಅಂದರು.

ಈ ಭಾನುವಾರ ನಮ್ಮಮ್ಮನನ್ನು ಕೂರಿಸಿಕೊಂಡು 'ಹೂವು ಹಣ್ಣು' ನೋಡಬೇಕು ಅಂತ ಇದ್ದೀನಿ. ಅಮ್ಮ ತ್ರಿವೇಣಿಯವರ ಪುಸ್ತಕ ಎಷ್ಟೋ ಸಲ ಓದಿದ್ದಾರೆ. ನಾನು ಆ ಚಿತ್ರವನ್ನು ಹುಡುಗನಾಗಿದ್ದಾಗ ನೋಡಿದ್ದು, ಆಗ ಕಥೆಗೆ ಅತ್ತಿದ್ದೆ, ಕ್ಯಾಮೆರಾ ಯಾರದು ಅಂತ ಗೊತ್ತಿರಲಿಲ್ಲ. ಈ ಸಲ ಕಿಟಕಿಗಳನ್ನು ನೋಡಬೇಕು.